ಹಳೆ ಮೌಂಟನ್ ಬೈಕ್‌ಗೆ ಯಾವ ಬ್ರೇಕ್, ಯಾವ ಹ್ಯಾಂಡಲ್?

ಹೋದ ಮಳೆಗಾಲದಲ್ಲಿ ಬೀದರಿನಿಂದ ಪಾಪನಾಶದ ಕಡೆ ಇಳಿಯುವಾಗ ನನ್ನ ಸೈಕಲ್ ನಿಲ್ಲಲಿಲ್ಲ. ಬ್ರೇಕ್ ಹ್ಯಾಂಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನಾಲ್ಕೂ ಬೆರಳು ಹಾಕಿ ಹಿಡಿದೆ. ರಬ್ಬರ್ ರಿಮ್ಮಿಗೆ ತಾಗಿತ್ತು, ಆದರೂ ಚಕ್ರ ಉರುಳುತ್ತಲೇ ಇತ್ತು. ಕೊನೆಗೆ ರಸ್ತೆ ಬದಿಯ ಕೆಂಪು ಮೊರಂ ಗುಡ್ಡೆಗೆ ನುಗ್ಗಿಸಿ ನಿಲ್ಲಿಸಿದೆ. ಮೊಣಕೈ ತರಚಿತು, ಅಷ್ಟೇ.

ಸೈಕಲ್ 1990ರ ಆಚೀಚಿನದು. ಸ್ಟೀಲ್ ಫ್ರೇಮ್, 26 ಇಂಚಿನ ಚಕ್ರ, ಕ್ಯಾಂಟಿಲಿವರ್ ಬ್ರೇಕ್, ಅಂದರೆ ಎರಡು ಬದಿಯ ತೋಳು ರಬ್ಬರನ್ನು ರಿಮ್ಮಿಗೆ ಒತ್ತುವ ಹಳೆ ಬಗೆ. ಎರಡು ವಾರ ಮೊದಲು ಒಂದು ಅಂಗಡಿಯಲ್ಲಿ ಮುರಿದ ಬ್ರೇಕ್ ಹ್ಯಾಂಡಲ್ ತೆಗೆಸಿ ಹೊಸದು ಹಾಕಿಸಿದ್ದೆ. ಹೊಳೆಯುವ, ಒಳ್ಳೆಯ ಹ್ಯಾಂಡಲ್. ಆದರೆ ಅದು ಆಮೇಲೆ ಬಂದ ಇನ್ನೊಂದು ಬಗೆಯ ಬ್ರೇಕ್‌ಗೆ, ವಿ-ಬ್ರೇಕ್‌ಗೆ ಅಂತ ಮಾಡಿದ್ದು. ಇದು ಅಂಗಡಿಯವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಈ ಗೊಂದಲ ಅರ್ಥವಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೆ ದಪ್ಪ ಟೈರಿನ ಸೈಕಲ್ ಹಿಡಿದು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಯುವ ಪಂದ್ಯ ಶುರುಮಾಡಿದರು. ಆ ಸೈಕಲ್‌ಗಳಿಗೆ ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಇತ್ತು. ಅದು ಹಿಂದಿನ ಚಕ್ರದ ಹಬ್, ಅಂದರೆ ನಡುವಿನ ಗುಂಬದ ಒಳಗೇ ಇರುತ್ತದೆ. ಕೆಳಗೆ ಬರುವಷ್ಟರಲ್ಲಿ ಹಬ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸ್ ತುಂಬಬೇಕು. ಹಾಗಾಗಿಯೇ ಆ ಪಂದ್ಯಕ್ಕೆ ರೀಪ್ಯಾಕ್ ಅಂತ ಹೆಸರು ಬಂತು.

1977ರಲ್ಲಿ ಆ ಪಂದ್ಯದ ಸವಾರರಲ್ಲೊಬ್ಬರಾದ ಜೋ ಬ್ರೀಜ್ ಇಂಥ ದಾರಿಗೆ ಅಂತಲೇ ಹೊಸ ಫ್ರೇಮ್ ಕಟ್ಟಿದರು. ಅದಕ್ಕೆ ಕ್ಯಾಂಟಿಲಿವರ್ ಬ್ರೇಕ್ ಕೂರಿಸಿದರು. ಆ ಬ್ರೇಕ್ ಆಗಲೇ ಹಳೆಯದು. ದೂರ ಹೋಗುವ ಟೂರಿಂಗ್ ಸೈಕಲ್, ಕೆಸರಲ್ಲಿ ಓಡುವ ಸೈಕ್ಲೋಕ್ರಾಸ್ ಸೈಕಲ್‌ಗಳಲ್ಲಿ ಬಳಕೆಯಲ್ಲಿತ್ತು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಸ್ಟಂಪ್‌ಜಂಪರ್ ಅನ್ನುವ ಮೌಂಟನ್ ಬೈಕ್ ಮಾರಾಟಕ್ಕೆ ತಂದಾಗ ಅದರಲ್ಲಿ ಇದ್ದದ್ದು ಫ್ರಾನ್ಸಿನ ಮಾಫಾಕ್ ಕಂಪನಿಯ ಕ್ಯಾಂಟಿಲಿವರ್, ಜೊತೆಗೆ ಮೋಟಾರ್‌ಸೈಕಲ್ ಮಾದರಿಯ ಉದ್ದ ಬ್ರೇಕ್ ಹ್ಯಾಂಡಲ್.

ಈ ಬ್ರೇಕಿನ ಕೆಲಸ ನೋಡೋಕೆ ಚೆಂದ. ಮುಂದಿನ ಚಕ್ರ ಹಿಡಿಯುವ ಕವಲು, ಅಂದರೆ ಫೋರ್ಕಿನ ಎರಡೂ ಕಾಲಿಗೆ ಒಂದೊಂದು ಗೂಟ ಬೆಸೆದಿರುತ್ತದೆ. ಗೂಟಕ್ಕೊಂದು ತೋಳು. ಎರಡೂ ತೋಳಿನ ತುದಿಯನ್ನು ಒಂದು ಗಿಡ್ಡ ವೈರ್ ಟೈರಿನ ಮೇಲಿಂದ ಜೋಡಿಸುತ್ತದೆ. ಹ್ಯಾಂಡಲಿನಿಂದ ಬರುವ ಮುಖ್ಯ ವೈರ್ ಅದನ್ನು ನಡುವೆ ಹಿಡಿದು ಮೇಲಕ್ಕೆ ಎಳೆಯುತ್ತದೆ, ತೊಟ್ಟಿಲಿನ ಹಗ್ಗದ ಹಾಗೆ. ತೋಳು ಮತ್ತು ಟೈರ್ ನಡುವೆ ಬೇಕಾದಷ್ಟು ಜಾಗ ಉಳಿಯುತ್ತದೆ. ನಮ್ಮ ಕಡೆ ಆ ಜಾಗದ ಬೆಲೆ ದೊಡ್ಡದು. ಬೀದರ್ ಊರು ಕೆಂಪು ಕಲ್ಲಿನ ಮೇಲಿದೆ, ನಿಜ. ಆದರೆ ಕೆಳಗೆ ತೊಗರಿ, ಸೋಯಾ ಹೊಲಗಳ ಕಡೆ ಇಳಿದರೆ ಎರೆ ಮಣ್ಣು. ಹದ ಮಳೆ ಬಿದ್ದರೆ ಸಾಕು, ಹತ್ತು ಹೆಜ್ಜೆಗೆ ಟೈರ್ ರೊಟ್ಟಿ ಹಿಟ್ಟು ಮೆತ್ತಿದ ಹಾಗೆ ಆಗುತ್ತದೆ.

1980ರ ದಶಕದ ಕೊನೆಯಲ್ಲಿ ಯು-ಬ್ರೇಕ್ ಅಂತ ಒಂದು ಬಂದಿತ್ತು. ಬಲ ಜಾಸ್ತಿ. ಆದರೆ ಅದನ್ನು ಹಿಂದೆ, ಪೆಡಲ್ ಹತ್ತಿರ ಕೆಳಗೆ ಕೂರಿಸುತ್ತಿದ್ದರು. ಕೆಸರೆಲ್ಲ ಅಲ್ಲೇ ಬಂದು ತುಂಬಿಕೊಳ್ಳುತ್ತಿತ್ತು. ಕೆಲವೇ ವರ್ಷದಲ್ಲಿ ಅದು ಮೌಂಟನ್ ಬೈಕಿನಿಂದ ಹೋಯಿತು, ಕ್ಯಾಂಟಿಲಿವರ್ ಉಳಿಯಿತು. ಅದರ ತೋಳು ಮಾತ್ರ ಬದಲಾಯಿತು. ಮೊದಲಿನವು ಹೊರಗೆ ಚಾಚಿರುತ್ತಿದ್ದವು. ಹಿಂದಿನ ಚಕ್ರಕ್ಕೆ ಹಾಕಿದರೆ ಕೆಲವರ ಹಿಮ್ಮಡಿಗೆ ತಾಗುತ್ತಿತ್ತು. ಆಮೇಲಿನವು ಫ್ರೇಮಿಗೆ ಒತ್ತಿಕೊಂಡು ನಿಂತವು. ನೋಡೋಕೆ ನೀಟು, ಆದರೆ ಸೆಟ್ಟಿಂಗ್ ಸ್ವಲ್ಪ ತಪ್ಪಿದರೂ ಹಿಡಿತ ಹೋಗುತ್ತದೆ. ಎರೆ ಹೊಲದ ದಾರಿಯಲ್ಲಿ ಓಡಿಸುವವರಿಗೆ ಚಾಚಿದ ತೋಳಿನದೇ ಒಳ್ಳೆಯದು ಅನ್ನುವುದು ನನ್ನ ಅನುಭವ.

ಮುಖ್ಯ ತಿರುವು ಬಂದದ್ದು 1996ರ ಮಾಡೆಲ್‌ಗಳಲ್ಲಿ. ಶಿಮಾನೋ ಕಂಪನಿ ವಿ-ಬ್ರೇಕ್ ತಂದಿತು. ತೋಳು ಉದ್ದ, ನಡುವಿನ ಗಿಡ್ಡ ವೈರ್ ಇಲ್ಲ. ಮುಖ್ಯ ವೈರ್ ಒಂದು ತೋಳಿನಿಂದ ಇನ್ನೊಂದಕ್ಕೆ ಅಡ್ಡ ಹೋಗುತ್ತದೆ. ಉದ್ದ ತೋಳು ತಿರುಗಬೇಕಾದರೆ ವೈರ್ ಜಾಸ್ತಿ ಎಳೆಯಬೇಕು. ಅದಕ್ಕೇ ಹ್ಯಾಂಡಲೂ ಬದಲಾಯಿತು. ಹೊಸ ಹ್ಯಾಂಡಲ್ ಹೆಚ್ಚುಕಡಿಮೆ ಎರಡು ಪಟ್ಟು ವೈರ್ ಎಳೆಯುತ್ತದೆ, ಆದರೆ ಎಳೆಯುವ ಬಲ ಅರ್ಧ. ಆ ಅರ್ಧ ಬಲವನ್ನು ಕ್ಯಾಂಟಿಲಿವರ್‌ಗೆ ಕೊಟ್ಟರೆ ಹ್ಯಾಂಡಲ್ ಗಟ್ಟಿ, ಬ್ರೇಕ್ ಸಪ್ಪೆ. ಪಾಪನಾಶದ ಇಳಿಜಾರಲ್ಲಿ ನನಗಾದದ್ದು ಅದೇ. ತಿರುಗಾಮುರುಗಾ ಮಾಡಿದರೆ, ಅಂದರೆ ವಿ-ಬ್ರೇಕ್‌ಗೆ ಹಳೆ ಹ್ಯಾಂಡಲ್ ಹಾಕಿದರೆ, ರಬ್ಬರ್ ಸರಿಯಾಗಿ ಹಿಡಿಯುವ ಮೊದಲೇ ಹ್ಯಾಂಡಲ್ ಹಿಡಿಕೆಗೆ ಬಂದು ತಾಗಬಹುದು.

ಗುರುತಿಸುವುದು ಕಷ್ಟವಲ್ಲ. ಹ್ಯಾಂಡಲ್ ತಿರುಗುವ ಪಿನ್ನಿನಿಂದ ವೈರಿನ ತುದಿಯ ಗುಂಡು ಕೂರುವ ತೂತು ಎಷ್ಟು ದೂರ ಅಂತ ನೋಡಿ. ಹತ್ತಿರ ಇದ್ದರೆ ಕ್ಯಾಂಟಿಲಿವರ್‌ಗೆ, ದೂರ ಇದ್ದರೆ ವಿ-ಬ್ರೇಕ್‌ಗೆ. ಎರಡು ಹ್ಯಾಂಡಲ್ ಪಕ್ಕಪಕ್ಕ ಇಟ್ಟರೆ ಕಣ್ಣಿಗೇ ಕಾಣುತ್ತದೆ. ಕೆಲವದರಲ್ಲಿ ಗುಂಡಿನ ಜಾಗವನ್ನೇ ಸರಿಸಬಹುದು. ಗೇರ್ ಮತ್ತು ಬ್ರೇಕ್ ಒಂದೇ ಹ್ಯಾಂಡಲಿನಲ್ಲಿ ಇರುವುದನ್ನು ಹಳೆ ಸೈಕಲ್‌ಗೆ ತಗೋಬೇಡಿ. ಒಂದು ಕೆಟ್ಟರೆ ಎರಡನ್ನೂ ಬದಲಾಯಿಸಬೇಕಾಗಬಹುದು.

ಇಲ್ಲಿ ಒಂದು ಖುಷಿಯ ಸಂಗತಿ ಇದೆ. ಸಾದಾ ಕ್ಯಾಲಿಪರ್ ಬ್ರೇಕ್, ಅಂದರೆ ಟೈರಿನ ಮೇಲಿಂದ ಇಕ್ಕಳದ ಹಾಗೆ ರಿಮ್ ಹಿಡಿಯುವ ಬ್ರೇಕ್ ಇರುವ ನೇರ ಹಿಡಿಕೆಯ ಸೈಕಲ್ಲಿನ ಬ್ರೇಕ್ ಹ್ಯಾಂಡಲ್ ಕ್ಯಾಂಟಿಲಿವರ್‌ಗೂ ಆಗುತ್ತದೆ. ನಾನು ಆನ್‌ಲೈನಲ್ಲಿ ತಿಂಗಳುಗಟ್ಟಲೆ ಹುಡುಕಿದ್ದು ಕೊನೆಗೆ ಸಿಕ್ಕಿದ್ದು ಹಳೆ ಊರಿನಲ್ಲಿ, ಒಬ್ಬ ಮಿಸ್ತ್ರಿಯ ಎಣ್ಣೆ ಡಬ್ಬಿಯಲ್ಲಿ. ಮಸಿ ಹಿಡಿದಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ವೈರ್ ಹಾಕಿದರು.

ಆಮೇಲೆ ನಿಧಾನದ ಕೆಲಸ. ನಡುವಿನ ಗಿಡ್ಡ ವೈರನ್ನು ಕೆಳಗಿಳಿಸಿದಷ್ಟೂ ಬಲ ಜಾಸ್ತಿ, ಹ್ಯಾಂಡಲ್ ಒಳಗೆ ಬರುವುದೂ ಜಾಸ್ತಿ. ಟೈರಿಗೆ ತಾಗಬಾರದು, ಕೆಸರಿಗೂ ಜಾಗ ಬಿಡಬೇಕು. ಮೂರು ಸಲ ಬಿಗಿದು, ಮೂರು ಸಲ ಸಡಿಲ ಮಾಡಿ, ಮಿಸ್ತ್ರಿ ಒಂದು ಬೆರಳಷ್ಟು ಎತ್ತರಕ್ಕೆ ನಿಲ್ಲಿಸಿದರು. ರಬ್ಬರಿನ ಮುಂದಿನ ತುದಿ ಮೊದಲು ತಾಗುವ ಹಾಗೆ ಒಂದಿಷ್ಟು ಓರೆ ಮಾಡಿದರು, ಕಿರುಚಬಾರದು ಅಂತ. ರಬ್ಬರ್ ಸವೆದಂತೆ ರಿಮ್ಮಿನಿಂದ ಕೆಳಗೆ ಜಾರಿ ಕಡ್ಡಿಗೆ ಸಿಕ್ಕುವ ಅಪಾಯ ಈ ಬ್ರೇಕಿಗೆ ಇದೆ. ತಿಂಗಳಿಗೊಮ್ಮೆ ಬಗ್ಗಿ ನೋಡಲೇಬೇಕು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಮುಂದಿನ ಮುಖ್ಯ ವೈರ್ ತುಂಡಾದರೆ ಗಿಡ್ಡ ವೈರ್ ಟೈರಿನ ಮೇಲೆ ಬೀಳುತ್ತದೆ. ಟೈರಿನ ಉಬ್ಬುಗಳಿಗೆ ಸಿಕ್ಕಿ ಚಕ್ರ ಒಮ್ಮೆಲೇ ಕಚ್ಚಿಕೊಳ್ಳಬಹುದು, ಸವಾರ ಮುಂದಕ್ಕೆ ಹಾರಿ ಬೀಳುತ್ತಾನೆ. ಹಳೆ ಸೈಕಲ್‌ಗಳ ಫೋರ್ಕಿನ ಮೇಲೆ ರಿಫ್ಲೆಕ್ಟರ್ ಹಿಡಿಯುವ ಒಂದು ಗಟ್ಟಿ ಪಟ್ಟಿ ಇರುತ್ತಿತ್ತಲ್ವಾ? ಬೀಳುವ ವೈರನ್ನು ತಡೆಯುವ ಕೆಲಸವನ್ನೂ ಅದು ಮಾಡುತ್ತಿತ್ತು. ಚೆಂದ ಕಾಣಲ್ಲ ಅಂತ ನಾನದನ್ನು ಎಂದೋ ಬಿಚ್ಚಿ ಬಿಸಾಕಿದ್ದೆ. ಮಿಸ್ತ್ರಿ ಅದೇ ಡಬ್ಬಿ ತಡಕಾಡಿ ಒಂದು ತಗಡಿನ ಪಟ್ಟಿ ತೆಗೆದರು, ಬಗ್ಗಿಸಿ ಫೋರ್ಕಿಗೆ ಬಿಗಿದರು.