ರಕ್ತದಲ್ಲಿ ಮೈಕ್ರೋ ಆರ್‌ಎನ್‌ಎ ಏರಿದೆ ಅಂದರೆ, ಅದು ಬಂದದ್ದು ಎಲ್ಲಿಂದ?

ಕಲಬುರಗಿಯಲ್ಲಿ ಮಳೆ ಹಿಡಿದು ಬಿಟ್ಟಮೇಲೆ ಡೆಂಗಿಯ ಮಾತು ಶುರುವಾಗುತ್ತದೆ. ರಿಪೋರ್ಟ್ ಕೈಗೆ ಬಂದರೆ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ. ಎಸ್‌ಜಿಪಿಟಿ ಏರಿರುವುದನ್ನು ಗಮನಿಸುವವರು ಕಡಿಮೆ. ಅದು ಲಿವರ್ ಕೋಶದೊಳಗೆ ಇರಬೇಕಾದ ಕಿಣ್ವ, ಕೋಶ ಹಾಳಾದರೆ ರಕ್ತಕ್ಕೆ ಸೋರುತ್ತದೆ. ಮೈಕ್ರೋ ಆರ್‌ಎನ್‌ಎ ಪಾಠವನ್ನು ಇಲ್ಲಿಂದ ಹಿಡಿದರೆ ಸುಲಭ, ಏಕೆಂದರೆ ಅದೂ ಹೀಗೆ ಸೋರುತ್ತದೆ.

ಮೈಕ್ರೋ ಆರ್‌ಎನ್‌ಎ ಸುಮಾರು 22 ನ್ಯೂಕ್ಲಿಯೋಟೈಡ್ (ಆರ್‌ಎನ್‌ಎ ಸರಪಳಿಯ ಕೊಂಡಿ) ಉದ್ದದ ತುಣುಕು. ಅದರಿಂದ ಪ್ರೋಟೀನ್ ಆಗುವುದಿಲ್ಲ. ಆರ್ಗೊನಾಟ್ ಎಂಬ ಪ್ರೋಟೀನಿನ ಜತೆ ಸೇರಿ, ತನಗೆ ಹೊಂದುವ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸುವ ಸಂದೇಶ ಹೊತ್ತ ಆರ್‌ಎನ್‌ಎ) ಮೇಲೆ ಕೂತು, ಅದರಿಂದ ಆಗುವ ಪ್ರೋಟೀನನ್ನು ತಗ್ಗಿಸುತ್ತದೆ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಸಿಕ್ಕಿತು. ಆ ಕೆಲಸಕ್ಕೆ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕನ್ ಅವರಿಗೆ 2024ರ ನೊಬೆಲ್ ಬಂತು. ಬರೀ ಆರ್‌ಎನ್‌ಎ ರಕ್ತಕ್ಕೆ ಬಿದ್ದರೆ ಕಿಣ್ವಗಳು ಕತ್ತರಿಸಿ ಹಾಕುತ್ತವೆ. ಇದು ಮಾತ್ರ ಆರ್ಗೊನಾಟ್ ಹಿಡಿತದಲ್ಲೋ ಕೋಶ ಹೊರಬಿಡುವ ಎಕ್ಸೋಸೋಮ್ ಎಂಬ ಪುಟ್ಟ ಚೀಲದೊಳಗೋ ಇರುವುದರಿಂದ ಉಳಿದುಕೊಳ್ಳುತ್ತದೆ.

ವೈರಸ್ ಹೊಕ್ಕಾಗ ರಕ್ತದಲ್ಲಿ ಇದರ ಪ್ರಮಾಣ ಬದಲಾಗಲು ಕಾರಣ ಒಂದೇ ಅಲ್ಲ. ರೋಗನಿರೋಧಕ ಕೋಶಗಳು ಎಚ್ಚೆತ್ತರೆ ಮಿರ್-155, ಮಿರ್-146ಎ ಹೆಚ್ಚುತ್ತವೆ (ಮಿರ್ ಅಂದರೆ ಮೈಕ್ರೋ ಆರ್‌ಎನ್‌ಎ, ಮುಂದಿನದು ಅದರ ಗುರುತಿನ ಸಂಖ್ಯೆ). ಎಪ್‌ಸ್ಟೀನ್-ಬಾರ್‌ನಂಥ ವೈರಸ್ ತನ್ನದೇ ಮೈಕ್ರೋ ಆರ್‌ಎನ್‌ಎ ತಯಾರಿಸುತ್ತದೆ. ಇನ್ನು ಮಿರ್-122 ಲಿವರಿನಲ್ಲೇ ತುಂಬಿಕೊಂಡಿರುವಂಥದ್ದು. ಹೆಪಟೈಟಿಸ್ ಬಿ, ಸಿ ರೋಗಿಗಳ ರಕ್ತದಲ್ಲಿ ಅದು ಏರುತ್ತದೆ. ಆದರೆ ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿ ಲಿವರ್ ಕೆಟ್ಟವರಲ್ಲೂ ಏರುತ್ತದೆ! ಜ್ವರದ ರೋಗಿ ಗುಳಿಗೆ ಎಷ್ಟು ತೆಗೆದುಕೊಂಡಿದ್ದಾರೆ ಎಂದು ಕೇಳದೆ, ಏರಿಕೆ ವೈರಸ್‌ನದೇ ಎಂದು ಬರೆಯುವಂತಿಲ್ಲ.

ಹೆಪಟೈಟಿಸ್ ಸಿ ಕಥೆ ನನಗೆ ಬಹಳ ಇಷ್ಟ. ಮೈಕ್ರೋ ಆರ್‌ಎನ್‌ಎ ಸಾಮಾನ್ಯವಾಗಿ ಎಂಆರ್‌ಎನ್‌ಎಯ ಬಾಲದ ಕಡೆ ಕೂತು ಬಾಯಿ ಕಟ್ಟುತ್ತದೆ. ಇಲ್ಲಿ ಮಿರ್-122 ವೈರಸ್ ಆರ್‌ಎನ್‌ಎಯ ತಲೆಯ ಕಡೆ ಎರಡು ಜಾಗದಲ್ಲಿ ಕೂರುತ್ತದೆ. ತಲೆಗೆ ರುಮಾಲು ಸುತ್ತಿದ ಹಾಗೆ ಆ ತುದಿಗೆ ರಕ್ಷಣೆ ಸಿಗುತ್ತದೆ, ವೈರಸ್ ಚೆನ್ನಾಗಿ ಬೆಳೆಯುತ್ತದೆ. ನಮ್ಮ ಲಿವರಿನ ಆಸ್ತಿಯನ್ನೇ ಅದು ಆಸರೆ ಮಾಡಿಕೊಂಡಿದೆ ಎಂದು 2005ರಲ್ಲಿ ಗೊತ್ತಾಯಿತು.

ಈಗ ನಾನು ಪೆಟ್ಟು ತಿಂದು ಕಲಿತ ಮಾತು. ಪ್ರಾಕ್ಟಿಕಲ್‌ನಲ್ಲಿ ಒಂದು ಟ್ಯೂಬಿನ ಪ್ಲಾಸ್ಮಾ, ಅಂದರೆ ರಕ್ತದ ಕಣ ಬೇರೆ ಮಾಡಿದ ಮೇಲೆ ಉಳಿಯುವ ದ್ರವ, ಹುಲ್ಲುಬಣ್ಣದ ಬದಲು ತೆಳು ಗುಲಾಬಿಯಾಗಿತ್ತು. "ತಂಗಿ, ಜೋರಾಗಿ ಅಲ್ಲಾಡಿಸಬ್ಯಾಡ, ಮೆಲ್ಲಕ ತಿರುವು" ಎಂದು ಲ್ಯಾಬಿನ ಅಣ್ಣ ಹೇಳಿದ್ದರು. ನಾನು ಅವಸರದಲ್ಲಿ ಅಲ್ಲಾಡಿಸಿದ್ದೆ. ಕೆಂಪು ಕಣ ಒಡೆದಿತ್ತು. ಕೆಂಪು ಕಣದಲ್ಲಿ ಮಿರ್-451, ಮಿರ್-16 ತುಂಬಿರುತ್ತವೆ. ಹಲವರು ಮಿರ್-16ನ್ನೇ ಹೋಲಿಕೆಯ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಅಳತೆಗೋಲೇ ಉಬ್ಬಿದರೆ ಉಳಿದದ್ದೆಲ್ಲ ಇಳಿದಂತೆ ಕಾಣುತ್ತದೆ. ಪ್ರಮಾಣ ಅಳೆಯುವುದು ಕ್ಯೂಪಿಸಿಆರ್‌ನಲ್ಲಿ, ಅದು ತುಣುಕನ್ನು ಸುತ್ತು ಸುತ್ತಾಗಿ ಇಮ್ಮಡಿಸುತ್ತದೆ. ಸಂಕೇತ ಕಾಣಿಸಿಕೊಳ್ಳುವ ಸುತ್ತಿನ ಸಂಖ್ಯೆಯೇ ಸಿಟಿ. ಸಿಟಿ ಒಂದು ಕಡಿಮೆಯಾದರೆ ಪ್ರಮಾಣ ಎರಡು ಪಟ್ಟು, ಮೂರು ಕಡಿಮೆಯಾದರೆ ಎಂಟು ಪಟ್ಟು. ಇಷ್ಟರಲ್ಲೇ ಇಡೀ ಫಲಿತಾಂಶ ತಿರುಗಿಬಿಡುತ್ತದೆ.

ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಇರುವ ಟ್ಯೂಬೂ ಬೇಡ, ಹೆಪಾರಿನ್ ಪಿಸಿಆರ್ ತಡೆಯುತ್ತದೆ. ಅದೇ ಕೆಲಸ ಮಾಡುವ ಇಡಿಟಿಎ ಇರುವ ನೇರಳೆ ಮುಚ್ಚಳದ್ದು ಸಾಕು. ಪ್ಲಾಸ್ಮಾ ತೆಗೆದ ಕೂಡಲೇ ಬಿಳಿ ಹಾಳೆಯ ಮುಂದೆ ಹಿಡಿದು ಬಣ್ಣ ಬರೆದುಕೊಳ್ಳಿ. ಕಣ್ಣಿಗೆ ಕಾಣದಷ್ಟು ಒಡೆದಿರಲೂಬಹುದು. ಅದಕ್ಕೆ, ಕೆಂಪು ಕಣ ಒಡೆದರೂ ಹೆಚ್ಚು ಬದಲಾಗದ ಮಿರ್-23ಎ ಸಿಟಿಯಿಂದ ಮಿರ್-451 ಸಿಟಿ ಕಳೆಯಿರಿ. 7 ದಾಟಿದರೆ ಆ ಟ್ಯೂಬನ್ನು ಪಕ್ಕಕ್ಕಿಡಿ.