ಕಸದ ಆಟೋ ಹಿಂದೆ ಹೋದಾಗ

"ನಾವು ಎಷ್ಟು ಬೇರೆ ಮಾಡಿ ಕೊಟ್ರೂ ಕೊನೆಗೆ ಎಲ್ಲ ಒಟ್ಟಿಗೆ ಸುರೀತಾರೆ." ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಅಂತ ಮಾತು ತೆಗೆದರೆ ಮೊದಲು ಸಿಗುವ ಉತ್ತರ ಇದು. ನಮ್ಮ ಬೀದಿಯಲ್ಲಿ ಮನೆ ಮನೆಗೆ ಹೋದಾಗಲೂ ಇದೇ ಸಿಕ್ಕಿತು. ನಿಜವೋ ಸುಳ್ಳೋ ನೋಡಿಯೇ ಬಿಡೋಣ ಅಂತ ಒಂದು ಬೆಳಿಗ್ಗೆ ನಾವು ಮೂವರು ಕಸದ ಆಟೋ ಹಿಂದೆ ಹೋದೆವು.

ಜನ ಹೇಳಿದ್ದು ನಿಜವಾಗಿತ್ತು. ಎರಡು ಬೀದಿ ದಾಟುವಷ್ಟರಲ್ಲಿ ನಾವು ಬಿಡಿಸಿ ಕೊಟ್ಟ ತರಕಾರಿ ಸಿಪ್ಪೆ, ಬೇರೆ ಮನೆಯವರ ಡೈಪರ್, ಹಾಲಿನ ಕವರ್, ಒಡೆದ ಬಲ್ಬು ಎಲ್ಲ ಒಂದೇ ರಾಶಿ. ಯಾಕೆ ಹೀಗೆ ಅಂತ ಕೇಳಿದೆ. ಆಟೋದಲ್ಲಿದ್ದ ಹೆಂಗಸು ಬೇಸರ ಮಾಡಿಕೊಳ್ಳದೆ ಹೇಳಿದರು: "ಅಕ್ಕಾ, ಹತ್ತು ಮನೇಲಿ ಒಂದು ಮನೆಯೋರು ಬೇರೆ ಮಾಡಿ ಕೊಡ್ತಾರೆ. ಆ ಒಂದನ್ನ ನಾನು ಎಲ್ಲಿ ಇಟ್ಕೊಳ್ಳಲಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಿದ್ಯುತ್ ಉಳಿಸುವುದಾದರೆ ಒಂದು ಮನೆ ಉಳಿಸಿದಷ್ಟು ಉಳಿಯುತ್ತದೆ. ನೀರೂ ಹಾಗೇ. ಕಸ ಹಾಗಲ್ಲ. ಒಂಬತ್ತು ಮನೆಯವರು ಬೆರೆಸಿ ಕೊಟ್ಟರೆ ಹತ್ತನೆಯವರು ಪಟ್ಟ ಶ್ರಮ ಆಟೋದಲ್ಲೇ ಮುಗಿದುಹೋಗುತ್ತದೆ. ಅದೇ ಹತ್ತರಲ್ಲಿ ಒಂಬತ್ತು ಮನೆ ಬೇರೆ ಮಾಡಿದರೆ ಉಳಿದ ಒಂದು ಚೀಲವನ್ನು ಬದಿಗಿಟ್ಟು ಮಿಕ್ಕಿದ್ದನ್ನು ಗೊಬ್ಬರಕ್ಕೆ ಕಳಿಸಬಹುದು. ನಡುವೆ ಎಲ್ಲೋ ಒಂದು ಹೊಸ್ತಿಲು ಇದೆ. ಅದನ್ನು ಬೀದಿಯೆಲ್ಲ ಸೇರಿ ದಾಟಬೇಕು. ಒಬ್ಬಳೇ ದಾಟಲು ಆಗುವುದಿಲ್ಲ.

ಹಸಿ ಕಸದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ? ಕೊಳೆತು ಮಣ್ಣಾಗುತ್ತದಲ್ಲ, ಪ್ಲಾಸ್ಟಿಕ್ ತಾನೇ ತೊಂದರೆ ಕೊಡೋದು ಅಂತ ತುಂಬಾ ಜನ ಕೇಳುತ್ತಾರೆ. ಎಲ್ಲ ಇರುವುದು ಎಲ್ಲಿ ಕೊಳೆಯುತ್ತದೆ ಅನ್ನುವುದರಲ್ಲಿ. ಬಾಳೆಹಣ್ಣಿನ ಸಿಪ್ಪೆಯನ್ನು ಗಿಡದ ಬುಡಕ್ಕೆ ಹಾಕಿದರೆ ಗಾಳಿ ಬೇಕಾದ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತವೆ. ಇಂಗಾಲದ ಡೈಆಕ್ಸೈಡ್, ನೀರಿನ ಆವಿ, ಒಂದಿಷ್ಟು ಶಾಖ ಹೊರಬರುತ್ತದೆ. ಆ ಡೈಆಕ್ಸೈಡ್ ಕೆಲವು ತಿಂಗಳ ಹಿಂದೆ ಬಾಳೆಗಿಡ ಗಾಳಿಯಿಂದಲೇ ಎಳೆದುಕೊಂಡದ್ದು. ಅಲ್ಲಿಗೆ ಲೆಕ್ಕ ಸರಿಹೋಯಿತು.

ಅದೇ ಸಿಪ್ಪೆ ಪ್ಲಾಸ್ಟಿಕ್ ಚೀಲದೊಳಗೆ ಸೇರಿ, ಐವತ್ತು ಅಡಿ ಕಸದ ಗುಡ್ಡದ ಅಡಿಗೆ ಸಿಕ್ಕಿತು ಅಂದುಕೊಳ್ಳಿ. ಅಲ್ಲಿ ಗಾಳಿ ಇಲ್ಲ. ಇದ್ದಬದ್ದ ಆಮ್ಲಜನಕ ಬೇಗ ಮುಗಿಯುತ್ತದೆ. ಆಮೇಲೆ ಬೇರೆ ಜೀವಿಗಳ ಸರದಿ. ಕೆಲವು ಪಿಷ್ಟ, ಪ್ರೋಟೀನುಗಳನ್ನು ಒಡೆದು ಆಮ್ಲ ಮಾಡುತ್ತವೆ. ಕಸದ ಲಾರಿಯಿಂದ ತೊಟ್ಟಿಕ್ಕುವ ಕಪ್ಪು ರಸದ ಹುಳಿ ನಾತ ಇದರದ್ದೇ. ಕೊನೆಗೆ ಬರುವವು ಮೀಥೇನ್ ಮಾಡುವ ಆರ್ಕಿಯಾ ಅನ್ನುವ ಸೂಕ್ಷ್ಮಜೀವಿಗಳು. ಭೂಮಿಯ ಗಾಳಿಯಲ್ಲಿ ಆಮ್ಲಜನಕವೇ ಇಲ್ಲದಿದ್ದ ಕಾಲದಿಂದ ಬಂದ ಕುಲ ಇವು. ಗಾಳಿ ತಾಗಿದರೆ ಇವಕ್ಕೆ ಆಗುವುದಿಲ್ಲ. ಗದ್ದೆಯ ಕೆಸರು, ದನದ ಹೊಟ್ಟೆ, ಕಸದ ಗುಡ್ಡದ ಒಳಗು ಇವುಗಳ ಮನೆ. ಗುಡ್ಡದಿಂದ ಏಳುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಮೀಥೇನ್.

ಮೀಥೇನ್ ಗಾಳಿಯಲ್ಲಿ ಉಳಿಯುವುದು ಸುಮಾರು 12 ವರ್ಷ. ಆದರೆ 100 ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ. 20 ವರ್ಷದ ಲೆಕ್ಕ ಹಾಕಿದರೆ 80 ಪಟ್ಟಿನ ಆಸುಪಾಸು. ನನಗೆ ಇದರಲ್ಲಿ ಒಂದು ಆಸೆ ಕಾಣುತ್ತದೆ. ಬೇಗ ಹೋಗುವ ಅನಿಲವಾದ್ದರಿಂದ ಇವತ್ತು ಕಡಿಮೆ ಮಾಡಿದರೆ ನಮ್ಮ ಕಾಲದಲ್ಲೇ, ನಮ್ಮ ಮಕ್ಕಳ ಕಾಲದಲ್ಲೇ ಫಲ ಕಾಣುತ್ತದೆ.

ನಮ್ಮ ಬೀದಿಗೆ ಲೆಕ್ಕ ಹಾಕಿದೆ. 60 ಮನೆ, ಮನೆಗೆ ದಿನಕ್ಕೆ ಅರ್ಧ ಕಿಲೋ ಹಸಿ ಕಸ. ವರ್ಷಕ್ಕೆ ಸುಮಾರು 11 ಟನ್. ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲಗಳ ಲೆಕ್ಕ ಕೊಡಲು ದೇಶಗಳು ಬಳಸುವ, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಸೂತ್ರದಂತೆ, ಎತ್ತರದ ಗುಡ್ಡಕ್ಕೆ ಸೇರಿದ ಒಂದು ಟನ್ ಆಹಾರದ ಕಸ ಹಲವು ವರ್ಷಗಳಲ್ಲಿ ಸುಮಾರು 40 ಕಿಲೋ ಮೀಥೇನ್ ಬಿಡುತ್ತದೆ. 11 ಟನ್ನಿಗೆ 440 ಕಿಲೋ. 28ರಿಂದ ಗುಣಿಸಿದರೆ 12 ಟನ್ನಿಗೂ ಜಾಸ್ತಿ ಡೈಆಕ್ಸೈಡಿಗೆ ಸಮ. ಐದು ಸಾವಿರ ಲೀಟರ್ ಪೆಟ್ರೋಲ್ ಸುಟ್ಟರೆ ಬರುವಷ್ಟು! ಗೊಬ್ಬರದ ಗುಂಡಿಯಿಂದಲೂ ಸ್ವಲ್ಪ ಮೀಥೇನ್, ನೈಟ್ರಸ್ ಆಕ್ಸೈಡ್ ಬರುತ್ತವೆ. ಅದನ್ನು ಕಳೆದರೂ ಉಳಿತಾಯ ದೊಡ್ಡದೇ.

ಇದು ಬರೀ ಅನಿಲದ ಲೆಕ್ಕ. ಗುಡ್ಡದ ಪಕ್ಕದಲ್ಲಿ ಜನ ಇರುತ್ತಾರಲ್ಲ, ಅವರ ಲೆಕ್ಕ ಬೇರೆ. ಬೆಂಗಳೂರು ಈ ಪಾಠ ಕಲಿತದ್ದು ವಿಜ್ಞಾನಿಗಳಿಂದ ಅಲ್ಲ, ಹಳ್ಳಿಯವರಿಂದ. 2012ರಲ್ಲಿ, ನಗರದ ಕಸ ಹೋಗುತ್ತಿದ್ದ ಮಾವಳ್ಳಿಪುರದ ಗುಡ್ಡ ಮುಚ್ಚಿತು. ನಗರದ ಬೀದಿಗಳಲ್ಲಿ ಕಸ ರಾಶಿ ಬಿದ್ದು ನಾರಿತು. ಹಳೆ ಮದ್ರಾಸ್ ರಸ್ತೆಯ ಕಡೆಯ ಮಂಡೂರಿನ ಮೇಲೆ ಭಾರ ಬಿತ್ತು. ನೊಣ, ನಾತ, ಕೆಟ್ಟ ಬಾವಿ ನೀರು ಸಾಕಾಗಿ ಅಲ್ಲಿನ ಜನ ಲಾರಿಗಳಿಗೆ ಅಡ್ಡ ನಿಂತರು. 2014ರಲ್ಲಿ ಮತ್ತೆ ರಸ್ತೆಗಿಳಿದರು. ಡಿಸೆಂಬರ್ 1ರಿಂದ ಅಲ್ಲಿ ಕಸ ಸುರಿಯುವುದಿಲ್ಲ ಅಂತ ಸರ್ಕಾರ ಮಾತು ಕೊಡಬೇಕಾಯಿತು. ಆಮೇಲೆ ಲಾರಿಗಳು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗಳ ಕಡೆ ತಿರುಗಿದವು. ನಾವು ಬಿಡಿಸದೆ ಕೊಟ್ಟ ಚೀಲ ಯಾರದೋ ಊರಿನ ಬಾವಿ ಪಕ್ಕದಲ್ಲಿ ಇದೆ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಹೊತ್ತಿಗೆ ನಗರದ ಒಳಗೂ ಜನ ಸೇರತೊಡಗಿದ್ದರು. ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಬಂದವು. ಮನೆಯಲ್ಲೇ ಕಸ ಬೇರೆ ಮಾಡಬೇಕು ಅಂತ ಕೋರ್ಟ್ ಹೇಳಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್ ಪ್ಯಾಡ್‌ಗಳಂಥದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೊಂದು ಚೀಲ ಅನ್ನುವ 'ಟು ಬಿನ್ ಒನ್ ಬ್ಯಾಗ್' ಪದ್ಧತಿಯನ್ನು ಬಡಾವಣೆಗಳಲ್ಲಿ ಮಾಡಿ ತೋರಿಸಿದವರು ನಾಗರಿಕರು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನೇ ಊರಿಗೆಲ್ಲ ಕಡ್ಡಾಯ ಮಾಡಿತು. ಚಿಂದಿ ಆಯುವವರು ಹಸಿರು ದಳದಂಥ ಸಂಘಟನೆಯ ಜೊತೆ ನಿಂತು ಪಾಲಿಕೆಯಿಂದ ಗುರುತಿನ ಚೀಟಿ ಪಡೆದರು. ಅವರಲ್ಲಿ ಹಲವರು ಇವತ್ತು ವಾರ್ಡಿನ ಒಣ ಕಸ ಕೇಂದ್ರ ನಡೆಸುತ್ತಾರೆ. ಯಾವ ಪ್ಲಾಸ್ಟಿಕ್ಕಿಗೆ ಬೆಲೆ ಇದೆ, ಯಾವುದಕ್ಕೆ ಇಲ್ಲ ಅಂತ ಕೈಯಲ್ಲಿ ಮುಟ್ಟಿ ಹೇಳುವ ಅವರ ತಿಳಿವಳಿಕೆಗೆ ನನ್ನ ನಮಸ್ಕಾರ.

ಕೇರಳದ ಆಲಪ್ಪುಳದಲ್ಲೂ 2012ರಲ್ಲಿ ಇಂಥದ್ದೇ ನಡೆಯಿತು. ಸರ್ವೋದಯಪುರಂ ಜನ ಪಟ್ಟಣದ ಕಸದ ಲಾರಿ ತಡೆದರು. ಪಟ್ಟಣ ಹೊಸ ಗುಡ್ಡ ಹುಡುಕುವ ಬದಲು ಮನೆಗಳಿಗೆ ಹಸಿ ಕಸ ತುಂಬಿ ಗೊಬ್ಬರ ಮಾಡುವ ಪೈಪು, ಬಯೋಗ್ಯಾಸ್ ತೊಟ್ಟಿ ಕೊಟ್ಟಿತು, ಬಡಾವಣೆಗಳಲ್ಲಿ ಗಾಳಿಯಾಡುವ ಗೊಬ್ಬರದ ತೊಟ್ಟಿಗಳನ್ನು ಕಟ್ಟಿತು.

ನಮ್ಮ ಬೀದಿಗೆ ವಾಪಸ್ ಬರುತ್ತೇನೆ. ಮೊದಲು ನಾವು ಒಂದು ಕರಪತ್ರ ಹಂಚಿದೆವು. ಏನೂ ಆಗಲಿಲ್ಲ. ಆಮೇಲೆ ಅರ್ಥವಾಯಿತು, ಕರಪತ್ರ ಓದುವವರು ಒಬ್ಬರು, ಬುಟ್ಟಿಗೆ ಕಸ ಹಾಕುವವರು ಇನ್ನೊಬ್ಬರು. ಎಷ್ಟೋ ಮನೆಯಲ್ಲಿ ಅಡುಗೆಮನೆ ಕೆಲಸ ಮನೆಕೆಲಸದವರ ಕೈಯಲ್ಲಿದೆ. ಅವರ ಜೊತೆ ಕೂತು ಮಾತಾಡಿದ ಮೇಲೆ ಒಂದೇ ವಾರದಲ್ಲಿ ವ್ಯತ್ಯಾಸ ಕಂಡಿತು. ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕರಲ್ಲೂ ಮಾತು ನಡೆಯಿತು. ಆಮೇಲೆ ಒಂದು ತಿಂಗಳು, ಬೆಳಿಗ್ಗೆ ಏಳಕ್ಕೆ ಆಟೋ ಬರುವಾಗ ಇಬ್ಬಿಬ್ಬರಂತೆ ಸರದಿ ಮೇಲೆ ಗೇಟಿನ ಹತ್ತಿರ ನಿಂತೆವು. ಯಾರನ್ನೂ ಬಯ್ಯಲಿಲ್ಲ. ಬೆರೆತ ಬುಟ್ಟಿ ಬಂದರೆ "ನಾಳೆ ಬೇರೆ ಮಾಡಿ ಕೊಡಿ" ಅಂತ ಕೇಳಿಕೊಂಡೆವು. ಬೀದಿಯ ಮೂಲೆಯಲ್ಲಿ ರಾತ್ರಿ ಕಸ ಎಸೆಯುವ ಜಾಗವನ್ನು ಗುಡಿಸಿ ದಿನಾ ರಂಗೋಲಿ ಹಾಕಿದವರು 70 ದಾಟಿದ ಒಬ್ಬ ಅಜ್ಜಿ. ರಂಗೋಲಿಯ ಮೇಲೆ ಕಸ ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ.

ಮುಂದೆ ಒಂದಿಷ್ಟು ಮನೆಯವರು ಸೇರಿ ಗೊಬ್ಬರ ಮಾಡಲು ಶುರುಮಾಡಿದೆವು. ಬೆಂಗಳೂರಿಗೆ ಗೊಬ್ಬರ ಹೊಸದಲ್ಲ. ಊರಿನ ಕಸವನ್ನು ಪದರ ಪದರವಾಗಿ ಗುಂಡಿಗೆ ಹಾಕಿ, ಮೇಲೆ ಮಣ್ಣು ಮೆತ್ತಿ ಗೊಬ್ಬರ ಮಾಡುವ 'ಬೆಂಗಳೂರು ವಿಧಾನ'ವನ್ನು ಸಿ.ಎನ್. ಆಚಾರ್ಯ ಅವರು 1939ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ್ದರು. ಅದರಲ್ಲಿ ಸಾರಜನಕ ಹೆಚ್ಚು ಉಳಿಯುತ್ತದೆ. ಆದರೆ ಮೆತ್ತಿದ ಗುಂಡಿಯೊಳಗೆ ಗಾಳಿ ಇರುವುದಿಲ್ಲ. ಮೀಥೇನಿನ ಚಿಂತೆ ಇರುವ ಈ ಕಾಲದಲ್ಲಿ ಗಾಳಿಯಾಡುವ ತೊಟ್ಟಿಯೇ ಮೇಲು.

ಮೊದಲ ತಿಂಗಳು ನಮ್ಮ ತೊಟ್ಟಿ ನಾರಿತು. ತಪ್ಪು ನಮ್ಮದೇ. ತರಕಾರಿ ಸಿಪ್ಪೆ, ಅನ್ನ ಮಾತ್ರ ಹಾಕುತ್ತಿದ್ದೆವು. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಅಡುಗೆಮನೆ ಕಸದಲ್ಲಿ ಸಾರಜನಕ ಜಾಸ್ತಿ, ನೀರೂ ಜಾಸ್ತಿ. ಮಿಕ್ಕ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಬಡಿಯುತ್ತದೆ. ನೀರು ಗಾಳಿಯ ದಾರಿ ಮುಚ್ಚುತ್ತದೆ. ಒಣ ಎಲೆ ಹಾಕಿದರೆ ಇಂಗಾಲ ಸಿಗುತ್ತದೆ, ಗಾಳಿಗೂ ಸಂದು ಸಿಗುತ್ತದೆ. ಒಂದು ಬುಟ್ಟಿ ಹಸಿ ಕಸಕ್ಕೆ ಒಂದು ಬುಟ್ಟಿ ಎಲೆ, ಜೊತೆಗೆ ಸ್ವಲ್ಪ ಹುಳಿ ಮಜ್ಜಿಗೆ. ನಾಲ್ಕೇ ದಿನದಲ್ಲಿ ನಾತ ಹೋಯಿತು. ತೊಟ್ಟಿಯ ನಡುವೆ ಕೈ ಇಟ್ಟರೆ ಬಿಸಿ. ಚೆನ್ನಾಗಿ ನಡೆಯುವ ರಾಶಿಯ ಒಳಗೆ 55ರಿಂದ 65 ಡಿಗ್ರಿ ತನಕ ಏರುತ್ತದೆ. ರೋಗಾಣುಗಳೂ ಕಳೆಯ ಬೀಜಗಳೂ ಸಾಯಲು ಅಷ್ಟು ಸಾಕು. ಆ ಬಿಸಿಯನ್ನು ಮಕ್ಕಳಿಗೆ ಮುಟ್ಟಿಸಿ ತೋರಿಸಿದಾಗ ಅವರ ಮುಖ ನೋಡಬೇಕಿತ್ತು.

ಈಗ ಆಟೋದವರು ನಮ್ಮ ಬೀದಿಯ ಹಸಿ ಕಸಕ್ಕೆ ಬೇರೆ ಡ್ರಮ್ ಇಟ್ಟಿದ್ದಾರೆ. ಎರಡು ಮೂರು ಮನೆ ಇನ್ನೂ ಬೆರೆಸಿಯೇ ಕೊಡುತ್ತವೆ. ಅವರ ಮನೆಗೆ ಹೋಗುವುದನ್ನು ನಾವು ಬಿಟ್ಟಿಲ್ಲ.

ಫೆಬ್ರುವರಿ ಬಂತೆಂದರೆ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಮೊದಲು ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುತ್ತಿದ್ದರು, ಬೀದಿಯೆಲ್ಲ ಹೊಗೆ. ಈಗ ಮೂಟೆ ಕಟ್ಟಿ ಗೋಡೆ ಬದಿಗೆ ಇಡುತ್ತೇವೆ. ಹೋದ ವರ್ಷ ಕೂಡಿಟ್ಟ ಎಲೆ ಆಗಸ್ಟಿನ ಮಳೆಗೇ ಖಾಲಿಯಾಗಿತ್ತು. ಈ ಸಲ ಪಕ್ಕದ ಬೀದಿಯ ಎಲೆಯನ್ನೂ ನಮಗೇ ಕೊಡಿ ಅಂತ ಕೇಳಲು ಭಾನುವಾರ ಹೋಗುತ್ತಿದ್ದೇವೆ. ಹಸಿ ಕಸದ ಮಾತನ್ನೂ ಆಗಲೇ ಆಡಬೇಕು.