ಪ್ರೋಟೀನ್ ಹನಿ ಬಿಟ್ಟರೆ ಸಿಲಿಕಾನ್‌ಗೆ ತಾನಾಗೇ ಅಂಟಲ್ವಾ?

ಪ್ರಶ್ನೆ: ಪ್ರೋಟೀನ್ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಅಂತಾರೆ. ಹಾಗಿದ್ದರೆ ಬಯೋಸೆನ್ಸರ್ ಚಿಪ್ ಮೇಲೆ ಆಂಟಿಬಾಡಿ ದ್ರಾವಣದ ಒಂದು ಹನಿ ಬಿಟ್ಟು ಸುಮ್ನೆ ಒಣಗಿಸಬಹುದಲ್ವಾ? ಅಷ್ಟೊಂದು ರಾಸಾಯನಿಕಗಳು ಯಾಕೆ ಬೇಕು?

ಅಂಟುವುದು ನಿಜ. ತಳ ಹಿಡಿದ ಹಾಲಿನ ಪಾತ್ರೆ ಉಜ್ಜಿದವರಿಗೆ ಅದು ಚೆನ್ನಾಗಿ ಗೊತ್ತು. ಆದರೆ ಆ ತಳದ ಪ್ರೋಟೀನ್ ಕೆಟ್ಟು ಹೋಗಿರುತ್ತದೆ, ಅದರ ಮಡಿಕೆಗಳೆಲ್ಲ ಬಿಚ್ಚಿಕೊಂಡಿರುತ್ತವೆ. ಬಯೋಸೆನ್ಸರ್ ಅಂದರೆ ರಕ್ತದಂಥ ದ್ರವದಲ್ಲಿ ಒಂದು ನಿರ್ದಿಷ್ಟ ವಸ್ತುವನ್ನು ಪತ್ತೆ ಹಚ್ಚುವ ಚಿಪ್, ಆ ವಸ್ತುವನ್ನು ಹಿಡಿಯುವ ಪ್ರೋಟೀನೇ ಆಂಟಿಬಾಡಿ. ಅದಕ್ಕೆ ಬೇಕಾದದ್ದು ಬೇರೆ. ಆಂಟಿಬಾಡಿ ತನ್ನ ಆಕಾರದಲ್ಲೇ ಉಳಿಯಬೇಕು, ತೊಳೆದರೂ ಕೂತಲ್ಲೇ ಇರಬೇಕು. ಆಂಟಿಬಾಡಿ ಬಳಸುವ ಎಲೈಸಾ ಎಂಬ ಲ್ಯಾಬ್ ಪರೀಕ್ಷೆಯ ಪ್ಲಾಸ್ಟಿಕ್ ತಟ್ಟೆಯಲ್ಲಿ ನೀವು ಹೇಳಿದ ಹಾಗೆ ಸುಮ್ಮನೆ ಅಂಟಿಸಿಯೇ ಕೆಲಸ ನಡೆಯುತ್ತದೆ. ಸಿಲಿಕಾನ್‌ನಲ್ಲಿ ಆ ಹಿಡಿತವನ್ನು ನಂಬಲಾಗುವುದಿಲ್ಲ. ಉಪ್ಪು ನೀರು, ಸೋಪಿನಂಥ ದ್ರಾವಣ ಹರಿದಾಗ ಒಂದಷ್ಟು ಪ್ರೋಟೀನ್ ಎದ್ದು ಹೋಗುತ್ತದೆ.

ಪ್ರೋಟೀನ್‌ಗೆ ಎದುರಾಗುವುದು ಬರಿಯ ಸಿಲಿಕಾನ್ ಅಲ್ಲ. ಗಾಳಿಗೆ ಬಿಟ್ಟರೆ ಸಿಲಿಕಾನ್ ಮೇಲೆ 1ರಿಂದ 2 ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಬೆಳೆಯುತ್ತದೆ, ಗಾಜಿನ ಸಿಪ್ಪೆ ಇದ್ದ ಹಾಗೆ. ಆಕ್ಸಿಜನ್ ಪ್ಲಾಸ್ಮಾದಲ್ಲಿ (ವಿದ್ಯುದಾವೇಶ ಪಡೆದ ಅನಿಲದಲ್ಲಿ) ಚಿಪ್ಪನ್ನು ಚೊಕ್ಕ ಮಾಡಿದರೆ ಆ ಸಿಪ್ಪೆಯ ತುಂಬ ಆಕ್ಸಿಜನ್–ಹೈಡ್ರೋಜನ್ ಜೋಡಿಗಳು ಎದ್ದು ನಿಲ್ಲುತ್ತವೆ. ಚದರ ನ್ಯಾನೋಮೀಟರಿಗೆ ಹೆಚ್ಚೆಂದರೆ ಐದರಷ್ಟು. ಕೊಂಡಿ ಹಾಕಲು ಜಾಗ ಇದೇ.

ಮೊದಲ ಕೊಂಡಿ ಎಪಿಟಿಇಎಸ್ ಎಂಬ ಸಿಲೇನ್, ಅಂದರೆ ಸಿಲಿಕಾನ್ ಇರುವ ಒಂದು ಸಣ್ಣ ಅಣು. ಅದರ ಒಂದು ತುದಿ ಆಕ್ಸೈಡ್‌ಗೆ ಬೆಸೆಯುತ್ತದೆ, ಇನ್ನೊಂದು ತುದಿಯಲ್ಲಿ ಸಾರಜನಕ ಇರುವ ಅಮೈನ್ ಗುಂಪು ಇರುತ್ತದೆ. ಮೇಲೆ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕ ಹಾಕುತ್ತಾರೆ. ಅದಕ್ಕೆ ಎರಡು ಕೈ: ಒಂದು ಅಮೈನನ್ನು ಹಿಡಿಯುತ್ತದೆ, ಇನ್ನೊಂದು ಪ್ರೋಟೀನ್‌ನಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲವನ್ನು. ಕೊನೆಗೆ ಖಾಲಿ ಉಳಿದ ಕೈಗಳನ್ನು ಎಥನಾಲಮೈನ್ ಎಂಬ ಸಣ್ಣ ಅಣುವಿನಿಂದ ಮುಚ್ಚುತ್ತಾರೆ. ಮುಚ್ಚದಿದ್ದರೆ ರಕ್ತದಲ್ಲಿರುವ ಬೇಡದ ಪ್ರೋಟೀನ್‌ಗಳೂ ಬಂದು ಕೂರುತ್ತವೆ.

ಹೇಳುವಾಗ ಇಷ್ಟು ಸುಲಭ. ಕೆಲಸ ಕೆಡುವುದು ಬಹಳ ಸಲ ನೀರಿನಿಂದ. ಸಿಲೇನ್ ಬೆಸೆಯಲು ಚೂರೇ ಚೂರು ತೇವ ಬೇಕು. ಜಾಸ್ತಿ ಆಯಿತೋ, ಸಿಲೇನ್ ಅಣುಗಳು ಚಿಪ್ಪನ್ನು ಬಿಟ್ಟು ತಮ್ಮತಮ್ಮಲ್ಲೇ ಬೆಸೆದು ಗಂಟುಗಂಟಾಗುತ್ತವೆ. ಒಂದೇ ಅಣು ದಪ್ಪದ ಪದರ ಬರಬೇಕು, ಅಂದರೆ ಸುಮಾರು 0.7 ನ್ಯಾನೋಮೀಟರ್. ಅದಕ್ಕೇ ಒಣ (ನೀರಿನಂಶ ತೆಗೆದ) ಟೊಲ್ಯೂಯಿನ್ ದ್ರಾವಕದಲ್ಲಿ ಈ ಕೆಲಸ ಮಾಡಿ, ಚೆನ್ನಾಗಿ ತೊಳೆದು, 110 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಾಯಿಸುವುದು. ಪದರ ಬಂತೋ ಇಲ್ಲವೋ ನೋಡಲು ದೊಡ್ಡ ಯಂತ್ರಗಳಿವೆ, ಆದರೆ ಮೊದಲ ಸುಳಿವು ಒಂದು ಹನಿ ನೀರಿನಲ್ಲೇ ಸಿಗುತ್ತದೆ. ಚೊಕ್ಕ ಆಕ್ಸೈಡ್ ಮೇಲೆ ಹನಿ ಬಿದ್ದ ತಕ್ಷಣ ಹರಡಿ ತೆಳ್ಳಗಾಗುತ್ತದೆ. ಸಿಲೇನ್ ಕೂತ ಮೇಲೆ ಅದೇ ಹನಿ ಮೈ ಕೂಡಿಸಿಕೊಂಡು ಗುಮ್ಮಟದ ಹಾಗೆ ನಿಲ್ಲುತ್ತದೆ. ಕೆಸುವಿನ ಎಲೆಯ ಮೇಲಿನಷ್ಟು ಗುಂಡಗಲ್ಲ, ಆದರೂ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಹನಿ ಒಂದು ಕಡೆ ಹರಡಿ, ಇನ್ನೊಂದು ಕಡೆ ನಿಂತರೆ ಆ ಚಿಪ್ಪಿಗೆ ದುಬಾರಿ ಆಂಟಿಬಾಡಿ ಹಾಕಲು ಹೋಗಬೇಡಿ.

ಇದರಲ್ಲೂ ಕೊರತೆಗಳಿವೆ. ಎಪಿಟಿಇಎಸ್ ಪದರ ನೀರಿನಲ್ಲಿ ದಿನ ಕಳೆದಂತೆ ಸಡಿಲವಾಗುತ್ತದೆ. ಆಕ್ಸೈಡನ್ನೇ ತೆಗೆದು, ಸಿಲಿಕಾನ್‌ಗೆ ಕಾರ್ಬನ್ ನೇರವಾಗಿ ಬೆಸೆಯುವ ದಾರಿಯನ್ನು ವಿಜ್ಞಾನಿಗಳಾದ ಲಿನ್‌ಫರ್ಡ್ ಮತ್ತು ಚಿಡ್ಸಿ 1993ರಲ್ಲಿ ತೋರಿಸಿದರು. ಹಿಡಿತ ಬಲು ಗಟ್ಟಿ. ಆದರೆ ಆಕ್ಸೈಡ್ ತೆಗೆಯಲು ಅಪಾಯಕಾರಿ ಹೈಡ್ರೋಫ್ಲೋರಿಕ್ ಆಮ್ಲ ಬೇಕು.

ಇನ್ನೊಂದು ತೊಂದರೆ ದಿಕ್ಕಿನದು. ಆಂಟಿಬಾಡಿಯ ಆಕಾರ ಕವೆಕೋಲಿನ ಹಾಗೆ. ಹಿಡಿಯುವ ಭಾಗ ಎರಡು ಕವಲುಗಳ ತುದಿಯಲ್ಲಿದೆ. ಲೈಸೀನ್ ಮಾತ್ರ ಮೈತುಂಬ ಇದೆ, ಹಾಗಾಗಿ ಕೆಲವು ತಲೆಕೆಳಗಾಗಿ, ಕೆಲವು ಅಡ್ಡಡ್ಡ ಕೂರುತ್ತವೆ. ಮೊದಲು ಪ್ರೋಟೀನ್-ಎ ಎಂಬ ಇನ್ನೊಂದು ಪ್ರೋಟೀನನ್ನು ಕೂರಿಸಿದರೆ ಅದು ಕೋಲಿನ ಬುಡವನ್ನೇ ಹಿಡಿಯುತ್ತದೆ, ಕವಲುಗಳು ಹೊರಗೆ ಚಾಚಿಕೊಂಡಿರುತ್ತವೆ.

ಆದರೆ ಒಂದರ ಮೇಲೊಂದು ಪದರ ಏರಿಸುತ್ತಾ ಹೋಗುವಂತೆಯೂ ಇಲ್ಲ. ಸಿಲಿಕಾನ್ ನ್ಯಾನೋವೈರ್ (ಅತಿ ತೆಳ್ಳಗಿನ ತಂತಿ) ಸೆನ್ಸರ್ ತನ್ನ ಮೇಲೆ ಬಂದು ಕೂತ ಅಣುವಿನ ವಿದ್ಯುದಾವೇಶವನ್ನು ಗುರುತಿಸುತ್ತದೆ. ನಮ್ಮ ರಕ್ತದಷ್ಟು ಉಪ್ಪಿರುವ ದ್ರವದಲ್ಲಿ 1 ನ್ಯಾನೋಮೀಟರ್ ದಾಟುವುದರೊಳಗೆ ಆವೇಶದ ಪ್ರಭಾವ ಮುಕ್ಕಾಲು ಪಾಲು ಮರೆಯಾಗುತ್ತದೆ. ಆಂಟಿಬಾಡಿಯೇ 10 ನ್ಯಾನೋಮೀಟರ್ ಎತ್ತರ! ಅದಕ್ಕೇ ಎಷ್ಟೋ ಕಡೆ ರಕ್ತದ ಮಾದರಿ ಹಾಯಿಸಿ, ತೊಳೆದು, ಆಮೇಲೆ ಉಪ್ಪು ಕಡಿಮೆ ಇರುವ ತೆಳು ಬಫರ್ ದ್ರಾವಣದಲ್ಲಿ ಅಳೆಯುತ್ತಾರೆ. ಬೆಳಕಿನಿಂದ ಅಳೆಯುವ ಸಿಲಿಕಾನ್ ಚಿಪ್‌ಗಳಿಗೆ ಈ ಕಾಟವಿಲ್ಲ, ಅವುಗಳ ಕಣ್ಣು ಹತ್ತಾರು ನ್ಯಾನೋಮೀಟರ್ ದೂರಕ್ಕೂ ಹೋಗುತ್ತದೆ.